ಟಾಂಗಾದ ಕುದುರೆ ಮನೆಗೆ ಬಂದ ಮೇಲೆ

ಒಂದು ಭಾನುವಾರ ಬೆಳಿಗ್ಗೆ ಕಾಯಿಪಲ್ಲೆ ತರಲು ಸಂತೆಗೆ ಹೋದ ಅಪ್ಪ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕುದುರೆ ಹಿಡಿದುಕೊಂಡು ಮನೆಗೆ ಬಂದ. ಕೆಂಪು ಬಣ್ಣದ ಹೆಣ್ಣು ಕುದುರೆ. ಹಣೆಯ ಮೇಲೆ ಬಿಳಿ ಮಚ್ಚೆ. ಹೊಟ್ಟೆಯ ಎರಡೂ ಪಕ್ಕದಲ್ಲಿ ಟಾಂಗಾದ ಕೋಲು ತಿಕ್ಕಿ ತಿಕ್ಕಿ ಕೂದಲು ಉದುರಿದ ಪಟ್ಟೆ. ಅಂಗಳಕ್ಕೆ ಬಂದದ್ದೇ ಅದು ಅವ್ವನ ದಾಸವಾಳದ ಗಿಡಕ್ಕೆ ಬಾಯಿ ಹಾಕಿತು.

ಅವ್ವ ಹೊಸ್ತಿಲ ಹತ್ತಿರ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಕುದುರೆಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು. ಯಾರದು, ಯಾಕೆ ತಂದಿರಿ ಎಂದು ಕೇಳಲಿಲ್ಲ.

"ಇದು ಏನ ತಿಂತೈತಿ?" ಅಂದಳು.

"ಹುಲ್ಲು," ಅಂದ ಅಪ್ಪ.

ಬರೀ ಹುಲ್ಲಿನಿಂದ ಆಗುವ ಮಾತಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವ್ವ ಎದ್ದು ಬಂದು ಗಿಡ ಬಿಡಿಸಿಕೊಂಡಳು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹತ್ತು ವರ್ಷ, ಅಣ್ಣನಿಗೆ ಹದಿಮೂರು. ಅಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಕಡೆ ಕೆಲಸಕ್ಕಿದ್ದ. ಧಾರವಾಡದ ಹತ್ತಿರದ ಹಳ್ಳಿ ಬಿಟ್ಟು ಬಂದು ಕೆಲವು ವರ್ಷಗಳಾಗಿದ್ದರೂ ನಮಗೆ ಮಿಲ್ಲಿನ ಕ್ವಾರ್ಟರ್ಸು ಸಿಕ್ಕಿರಲಿಲ್ಲ. ಹಳಿಯಾಳ ರಸ್ತೆಗೆ ಹತ್ತಿದಂತೆ ಒಂದು ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದೆವು. ಮನೆ ಚಿಕ್ಕದು, ಹಿತ್ತಲು ದೊಡ್ಡದು. ಮಾಲಕರು ಹಿಂದೆ ಎಮ್ಮೆ ಸಾಕಿದ್ದ ದನದ ಕೊಟ್ಟಿಗೆಯೊಂದು ಖಾಲಿ ಬಿದ್ದಿತ್ತು. ಕ್ವಾರ್ಟರ್ಸು ಸಿಕ್ಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅಲ್ಲಿ ಕೋಳಿ ಸಾಕಿದರೂ ಸಾಹೇಬರು ಕರೆಸಿ ಕೇಳುತ್ತಿದ್ದರಂತೆ.

ಕುದುರೆ ಟಾಂಗಾ ಚಾಚಾನದು. ದಾಂಡೇಲಿಯ ರೈಲ್ವೆ ಸ್ಟೇಷನ್ನಿನಿಂದ ಊರೊಳಗೆ ಜನರನ್ನು, ಅವರ ಟ್ರಂಕು ಹಾಸಿಗೆಗಳನ್ನು ಸಾಗಿಸುತ್ತಿದ್ದ ಹಳಿಯಾಳದ ಮನುಷ್ಯ. ನಾವು ಮೊದಲ ಸಲ ದಾಂಡೇಲಿಗೆ ಬಂದಿಳಿದಾಗ ನಮ್ಮ ಸಾಮಾನು ತಂದವನೂ ಅವನೇ. ಅಂದಿನಿಂದ ಅಪ್ಪನಿಗೂ ಅವನಿಗೂ ಸ್ನೇಹ. ಆಮೇಲೆ ಬಸ್ಸುಗಳು ಹೆಚ್ಚಾದವು, ಬಾಡಿಗೆ ಮೋಟಾರುಗಳು ಬಂದವು, ಟಾಂಗಾಕ್ಕೆ ಜನ ಕಡಿಮೆಯಾದರು. ಚಾಚಾ ಟಾಂಗಾ ಮಾರಿ ಕಟ್ಟಿಗೆ ಡಿಪೋದಲ್ಲಿ ಕಾವಲುಗಾರನಾದ. ಕುದುರೆಯನ್ನು ಮಾತ್ರ ಮಾರಲು ಅವನಿಗೆ ಮನಸ್ಸಾಗಲಿಲ್ಲ. ಯಾರೇ ಕೊಂಡರೂ ಮತ್ತೆ ಗಾಡಿಗೇ ಹೂಡುತ್ತಾರೆ, ಇಟ್ಟಿಗೆ ಹೊರಿಸುತ್ತಾರೆ ಎಂಬುದು ಅವನ ಚಿಂತೆ. ಸಂತೆಯಲ್ಲಿ ಸಿಕ್ಕ ಅಪ್ಪನ ಹತ್ತಿರ ಇದನ್ನೆಲ್ಲ ಹೇಳಿಕೊಂಡಿದ್ದಾನೆ. ಅಪ್ಪ ಬದನೆಕಾಯಿ ಆರಿಸುವುದನ್ನು ಅರ್ಧಕ್ಕೆ ಬಿಟ್ಟು, ನನಗೆ ಕೊಡು, ಗಾಡಿಗೆ ಹೂಡೋದಿಲ್ಲ ಅಂದುಬಿಟ್ಟಿದ್ದಾನೆ.

ಅಪ್ಪನಿಗೆ ಕುದುರೆಯ ಮೇಲೆ ಇಷ್ಟು ಆಸೆ ಇತ್ತೆಂದು ಅವ್ವನಿಗೂ ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನ ರೊಟ್ಟಿ ತಿನ್ನುತ್ತ ಹೇಳಿದ. ಅವನ ಹಳ್ಳಿಯ ಜಮೀನುದಾರರ ವಾಡೆಯಲ್ಲಿ ಕುದುರೆಗಳಿದ್ದವು. ಆ ಮನೆಯ ಮಕ್ಕಳು ಸಂಜೆ ಕುದುರೆ ಹತ್ತಿ ಹೊರಟರೆ ಊರ ಹುಡುಗರೆಲ್ಲ ಹಿಂದೆ ಓಡುತ್ತಿದ್ದರು. ಅಪ್ಪನೂ ಓಡಿದ್ದ, ಕೆರೆಯ ದಂಡೆಯ ತನಕ. ಒಮ್ಮೆ ಮುಟ್ಟಿ ನೋಡಲು ಹೋದಾಗ ಆಳೊಬ್ಬ ಬೈದು ದೂರ ಸರಿಸಿದ್ದನಂತೆ. ಇದನ್ನು ಅವನು ಸಿಟ್ಟಿನಿಂದಾಗಲಿ ದುಃಖದಿಂದಾಗಲಿ ಹೇಳಲಿಲ್ಲ, ನಗುತ್ತಲೇ ಹೇಳಿದ. ಕೊನೆಗೆ, "ನನ್ನ ಮಕ್ಕಳು ಒಮ್ಮೆ ಕುದುರಿ ಮ್ಯಾಲ ಕುಂಡ್ರಲಿ," ಅಂದ. ಮಕ್ಕಳು ಅಂದರೆ ಅವನ ಮನಸ್ಸಿನಲ್ಲಿದ್ದದ್ದು ಅಣ್ಣ. ಅದು ನನಗೂ ಗೊತ್ತಿತ್ತು.

ಕುದುರೆಯ ಖರ್ಚು ಏನು ಎಂಬುದು ಮೊದಲ ವಾರದಲ್ಲೇ ತಿಳಿಯಿತು. ಹುಲ್ಲಿನ ಜೊತೆಗೆ ಅದಕ್ಕೆ ನೆನೆಸಿದ ಹುರುಳಿ ಬೇಕು, ತೌಡು ಬೇಕು, ಚಳಿಗಾಲದಲ್ಲಿ ಬೆಲ್ಲದ ತುಂಡು ಬೇಕು. ಕಾಲಿಗೆ ಲಾಳ ಹೊಡೆಯುವವನು ಹಳಿಯಾಳದಿಂದ ಬರಬೇಕು, ಬಂದವನಿಗೆ ಊಟವೂ ಆಗಬೇಕು. ನಮ್ಮ ಮನೆಗೆ ಬರುತ್ತಿದ್ದ ಹಾಲು ಅರ್ಧವಾಯಿತು. ಅಪ್ಪ ಬೀಡಿ ಬಿಟ್ಟ. ಆ ವರ್ಷದ ದೀಪಾವಳಿಗೆ ಅಣ್ಣನಿಗೆ ಹೊಸ ಅಂಗಿ ಬರಲಿಲ್ಲ, ನನಗೆ ಅವ್ವನ ಹಳೇ ಇಳಕಲ್ಲ ಸೀರೆಯಲ್ಲೇ ಲಂಗದಂಥ ಪರಕಾರ ಹೊಲಿಸಿದರು. ಅವ್ವ ಇದನ್ನೆಲ್ಲ ಯಾರ ಮುಂದೆಯೂ ಎತ್ತಿ ಆಡಲಿಲ್ಲ. ಆದರೆ ಹುರುಳಿ ಅಳೆದು ಹಾಕುವಾಗ ಕುದುರೆಗೆ ಕೇಳುವಂತೆ, "ತಿನ್ನವ್ವಾ ತಿನ್ನು, ನೀನs ಹಿರೇ ಸೊಸಿ," ಅನ್ನುತ್ತಿದ್ದಳು.

ಜೀನು ಕೊಳ್ಳುವ ಮಾತೇ ಇರಲಿಲ್ಲ. ಅವ್ವ ಒಂದು ಹಳೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದಳು. ಮಿಲ್ಲಿನಲ್ಲಿ ಕಾಗದದ ಯಂತ್ರಕ್ಕೆ ಹಾಕುವ ದಪ್ಪ ಉಣ್ಣೆಯ ಪಟ್ಟೆ ಸವೆದ ಮೇಲೆ ಅದರ ತುಂಡುಗಳು ಕೆಲಸಗಾರರಿಗೆ ಅಗ್ಗಕ್ಕೆ ಸಿಗುತ್ತಿದ್ದವು. ದಾಂಡೇಲಿಯ ಅರ್ಧ ಊರು ಅದನ್ನೇ ಹೊದ್ದು ಮಲಗುತ್ತಿತ್ತು. ಅಂಥ ಒಂದು ತುಂಡನ್ನು ಕೌದಿಯ ಕೆಳಗೆ ಹಾಕಿ, ಅಗಲವಾದ ಪಟ್ಟಿಯಿಂದ ಕುದುರೆಯ ಹೊಟ್ಟೆಗೆ ಬಿಗಿದರು. ಕಾಲಿಡಲು ರಿಕಾಪು ಇಲ್ಲ. ತೊಡೆಯಿಂದ ಹಿಡಿದುಕೊಂಡು ಕೂರಬೇಕು. ಬಿದ್ದರೆ ಕಾಲು ಸಿಕ್ಕಿಹಾಕಿಕೊಳ್ಳುವುದಿಲ್ಲ, ಅದೇ ಒಳ್ಳೆಯದು ಎಂದ ಚಾಚಾ.

ಪ್ರತಿ ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮೊದಲೇ, ಚಾಚಾ ಕಲಿಸಲು ಬರುತ್ತಿದ್ದ. ಮೊದಲ ಕೆಲವು ವಾರ ಅಣ್ಣನಿಗೆ ಹತ್ತಲೇ ಬಿಡಲಿಲ್ಲ. ಮೈ ತಿಕ್ಕುವುದು, ಗೊರಸಿನೊಳಗೆ ಸಿಕ್ಕ ಕಲ್ಲು ತೆಗೆಯುವುದು, ಲದ್ದಿ ಬಳಿಯುವುದು ಇಷ್ಟೇ ಆಯಿತು. ಅಣ್ಣ ಶಾಲೆಯಲ್ಲಿ ಗೆಳೆಯರಿಗೆಲ್ಲ ಕುದುರೆ ಸವಾರಿಯ ಕತೆ ಹೇಳಿಟ್ಟಿದ್ದ, ಇಲ್ಲಿ ನೋಡಿದರೆ ಕೈಯಲ್ಲಿ ಬುಟ್ಟಿ. ನಾನು ಅವನ ಹಿಂದೆ ಹಿಂದೆ ತಿರುಗುತ್ತ ಎಲ್ಲ ಕೆಲಸಕ್ಕೂ ಕೈ ಹಾಕುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ, ಹುಡುಗಿಯರು ಕಸ ಬಳಿದರೆ ಯಾರು ತಾನೇ ಬೇಡ ಅನ್ನುತ್ತಾರೆ?

ಕೊನೆಗೊಂದು ದಿನ ಅಣ್ಣನನ್ನು ಹತ್ತಿಸಿದರು. ಕುದುರೆ ಹಿತ್ತಲಿನ ಬೇಲಿಯ ತನಕ ಸಾವಕಾಶ ಹೋಯಿತು, ತಿರುಗಿತು, ಒಮ್ಮೆ ಮೈ ಝಾಡಿಸಿತು. ಅಣ್ಣ ಪಕ್ಕದ ಲದ್ದಿಯ ರಾಶಿಯ ಮೇಲೆ ಕೂತಿದ್ದ. ಎಲ್ಲಿಯೂ ಪೆಟ್ಟಾಗಿರಲಿಲ್ಲ. ಎದ್ದು ಚಡ್ಡಿ ಕೊಡವಿಕೊಂಡು, ಮೇಲಿಂದ ನೆಲ ಬಹಳ ದೂರ ಕಾಣುತ್ತದೆ, ನನಗೆ ಸೈಕಲ್ಲೇ ಸಾಕು ಅಂದ. ಅಪ್ಪ ಪುಸಲಾಯಿಸಿದ, ಚಾಚಾ ಧೈರ್ಯ ಹೇಳಿದ. ಅಣ್ಣ ಜಗ್ಗಲಿಲ್ಲ. ಅವನಿಗೆ ನಾಚಿಕೆಯೂ ಆಗಲಿಲ್ಲ, ಅದು ಅವನ ಒಳ್ಳೆಯ ಗುಣ. ಆಮೇಲೆ ವರ್ಷಗಟ್ಟಲೆ ಅವನು ಆ ಕುದುರೆಗೆ ನೀರು ಕುಡಿಸಿದ, ಕೊಟ್ಟಿಗೆಯಲ್ಲಿ ಅದರ ಪಕ್ಕ ಕೂತು ಪಾಠ ಓದಿದ, ಮೇಲೆ ಮಾತ್ರ ಹತ್ತಲಿಲ್ಲ.

ಅಪ್ಪ ಲಗಾಮು ಹಿಡಿದು ನಿಂತಿದ್ದ. ಚಾಚಾ ನನ್ನ ಕಡೆ ನೋಡಿದ.

"ಸಾಹೇಬ್ರ, ಬೇಟಿ ಕುಂಡ್ರತಾಳೇನು ಕೇಳ್ರಿ."

ಅಪ್ಪ ನನ್ನನ್ನು ಕೇಳಲಿಲ್ಲ, ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಅವ್ವ ನಿಂತಿದ್ದಳು. ಅವಳು ಒಳಗೆ ಹೋದಳು. ಸಿಟ್ಟು ಬಂತೇನೋ ಅಂದುಕೊಂಡೆವು. ಅವಳು ಅಣ್ಣನ ಒಂದು ಪಾಯಜಾಮ ಹಿಡಿದುಕೊಂಡು ಹೊರಗೆ ಬಂದು ನನ್ನ ಕೈಗೆ ಕೊಟ್ಟಳು. "ಪರಕಾರದ ಒಳಗ ಇದನ್ನ ಹಾಕ್ಕೋ," ಅಂದಳು.

ಹೀಗೆ ನಾನು ಕುದುರೆ ಹತ್ತಿದೆ. ಮೊದಲ ದಿನ ಕಂಡದ್ದೆಂದರೆ ನಮ್ಮ ಮನೆಯ ಹೆಂಚಿನ ಮೇಲೆ ಅಣ್ಣ ಕಳೆದುಕೊಂಡ ಚೆಂಡು. ಅದನ್ನು ಎಲ್ಲರಿಗೂ ಕೂಗಿ ಹೇಳಿದೆ. ಅಷ್ಟು ಎತ್ತರದಿಂದ ಮಾತಾಡುವುದೇ ಒಂದು ಸುಖ ಅನ್ನಿಸಿತು.

ಸುತ್ತಲಿನ ಹೆಂಗಸರು ಅವ್ವನಿಗೆ ಹೇಳಿ ನೋಡಿದರು. ಹೆಣ್ಣುಮಗಳು ಕಾಲು ಅಗಲಿಸಿ ಕೂರುವುದೇ, ನಾಳೆ ಯಾರು ಮದುವೆ ಮಾಡಿಕೊಂಡಾರು ಎಂಬ ಮಾತುಗಳು. ಅವ್ವ ಎಲ್ಲರಿಗೂ ಚಹಾ ಕೊಟ್ಟು ಕೂರಿಸಿ, ಎಲ್ಲ ಕೇಳಿಸಿಕೊಂಡು, ಸರಿ ಸರಿ ಅಂದು ಕಳಿಸುತ್ತಿದ್ದಳು. ಭಾನುವಾರ ಬಂದರೆ ಪಾಯಜಾಮ ಒಗೆದು ಸಿದ್ಧವಾಗಿರುತ್ತಿತ್ತು.

ಹಿತ್ತಲಿನಲ್ಲಿ ಕಲಿತದ್ದು ರಸ್ತೆಗೆ ಬಂದಾಗ ಏನೂ ಉಪಯೋಗಕ್ಕೆ ಬರಲಿಲ್ಲ. ಯಾಕೆಂದರೆ ಆ ಕುದುರೆ ಜನ್ಮವಿಡೀ ಟಾಂಗಾ ಎಳೆದಿತ್ತು. ಯಾವ ಯಾವ ಮನೆಯ ಮುಂದೆ ಯಾರನ್ನು ಇಳಿಸಬೇಕೆಂಬುದು ಅದರ ತಲೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟರರ ಮನೆಯ ಮುಂದೆ ನಿಂತಿತೆಂದರೆ ನಾನು ಎಷ್ಟು ಒದ್ದರೂ ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ನಾನು ಕೆಳಗಿಳಿಯಬೇಕು, ಒಂದು ನಿಮಿಷ ನಿಲ್ಲಬೇಕು, ಮತ್ತೆ ಹತ್ತಬೇಕು. ಆಗ ಬಾಡಿಗೆ ಮುಗಿಯಿತು ಎಂಬಂತೆ ಮುಂದೆ ಹೋಗುತ್ತಿತ್ತು. ಚಹಾದ ಅಂಗಡಿಯ ಮುಂದಂತೂ ಬಹಳ ಹೊತ್ತು. ಚಾಚಾ ಅಲ್ಲಿ ದಿನಾ ಕೂರುತ್ತಿದ್ದನಲ್ಲ. ಅಂಗಡಿಯವನು ನನಗೊಂದು ಖಾರಿ ಬಿಸ್ಕೀಟು, ಕುದುರೆಗೊಂದು ಕೊಡುವುದು ರೂಢಿಯಾಯಿತು. ಹೀಗೆ ಇಳಿದು ಹತ್ತಿ, ಇಳಿದು ಹತ್ತಿ, ಕಲ್ಲು ಕಟ್ಟೆಯ ಆಸರೆಯಿಲ್ಲದೆ ಕುದುರೆ ಏರುವುದನ್ನು ಒಂದೇ ತಿಂಗಳಲ್ಲಿ ಕಲಿತೆ. ಜೊತೆಗೆ ದಾಂಡೇಲಿಯ ಅರ್ಧದಷ್ಟು ಮನೆಗಳ ಪರಿಚಯವೂ ಆಯಿತು. ಇಳಿದ ಮೇಲೆ ಸುಮ್ಮನೆ ನಿಲ್ಲಲಾಗುತ್ತದೆಯೇ, ಒಳಗಿನವರು ಯಾರು ಬೇಕು ಅನ್ನುತ್ತಾರೆ, ನಮ್ಮ ಕುದುರೆ ನಿಂತದ್ದರಿಂದ ಇಳಿದೆ ಎಂದು ಹೇಳಬೇಕು. ಶಾಲೆಯಲ್ಲಿ ಹೆಸರು ಕೂಗಿದರೆ ಹಾಜರ್ ಅನ್ನಲೂ ತೊದಲುತ್ತಿದ್ದ ಹುಡುಗಿ ನಾನು. ಊರ ತುಂಬ ಅಪರಿಚಿತರಿಗೆ ಸಮಜಾಯಿಷಿ ಹೇಳಿ ಹೇಳಿ ನನ್ನ ತೊದಲು ಯಾವಾಗ ಹೋಯಿತೋ ನನಗೇ ಗೊತ್ತಾಗಲಿಲ್ಲ.

ಮಳೆಗಾಲ ಮುಗಿದ ಮೇಲೆ ದಸರೆಯ ರಜೆ ಬಂತು. ಅದುವರೆಗೆ ನನ್ನ ಸವಾರಿಯೆಲ್ಲ ಬೆಳಗಿನ ಹೊತ್ತಿನದು. ರಜೆಯಲ್ಲೊಂದು ದಿನ ಅಪ್ಪನಿಗೆ ರಾತ್ರಿ ಪಾಳಿ ಇದ್ದದ್ದರಿಂದ ಸಂಜೆ ಹೋಗೋಣ ಅಂದ. ನಾನು ಕುದುರೆಯ ಮೇಲೆ, ಅಪ್ಪ ಸೈಕಲ್ಲಿನ ಮೇಲೆ. ಪೇಟೆ ದಾಟಿದ್ದೆವು. ಮಿಲ್ಲಿನ ಭೋಂಗಾ ಕೂಗಿತು, ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ದೂರದಿಂದ ಅಳ್ನಾವರದ ರೈಲುಗಾಡಿಯ ಸೀಟಿ ಕೇಳಿಸಿತು.

ಕುದುರೆ ತಲೆ ಎತ್ತಿತು. ಮರುಕ್ಷಣ ಓಡತೊಡಗಿತು. ಅದು ಹಾಗೆ ಓಡಬಲ್ಲದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಪ್ಪ ಹಿಂದಿನಿಂದ ಲಗಾಮು ಎಳಿ, ಲಗಾಮು ಎಳಿ ಎಂದು ಕೂಗುತ್ತಿದ್ದದ್ದು ಕೇಳಿಸುತ್ತಿತ್ತು. ನಾನು ಲಗಾಮು ಬಿಟ್ಟು ಕುತ್ತಿಗೆಯ ಕೂದಲು ಹಿಡಿದಿದ್ದೆ. ಹೆದರಿಕೆಯಾಯಿತು, ಅದರ ಜೊತೆಗೇ ಹೇಳಲಾಗದಂಥ ಒಂದು ಖುಷಿಯೂ ಆಯಿತು. ಗಾಳಿಗೆ ಕಣ್ಣಲ್ಲಿ ನೀರು. ಜನ ಎರಡೂ ಕಡೆ ಸರಿದರು. ಸ್ಟೇಷನ್ನಿನ ಮುಂದೆ ಟಾಂಗಾಗಳು ಸಾಲಾಗಿ ನಿಲ್ಲುವ ಜಾಗಕ್ಕೆ ಬಂದದ್ದೇ ಕುದುರೆ ಗಕ್ಕನೆ ನಿಂತು, ಹಿಂದಕ್ಕೆ ಸರಿದು, ಸಾಲಿನಲ್ಲಿ ಸರಿಯಾಗಿ ನಿಂತುಕೊಂಡಿತು. ನಾನು ಅಷ್ಟರಲ್ಲಿ ಅದರ ಕಿವಿಯ ಮೇಲಿನಿಂದ ಹಾದು ನೆಲದ ಮೇಲಿದ್ದೆ.

ಎಡಗೈ ಮುರಿದಿತ್ತು. ಮಣಿಕಟ್ಟಿಗಿಂತ ಸ್ವಲ್ಪ ಮೇಲೆ. ಗಾಡಿಯಿಂದ ಇಳಿದ ಜನ ಸುತ್ತ ನೆರೆದರು. ಅಪ್ಪ ಸೈಕಲ್ಲನ್ನು ದಾರಿಯಲ್ಲೇ ಬಿಟ್ಟು ಓಡಿ ಬಂದ. ಅವನ ಮುಖ ನೋಡಿ ನನಗೆ ಅಳು ಬಂತು, ಅಲ್ಲಿಯ ತನಕ ಬಂದಿರಲಿಲ್ಲ. ಎಲುಬು ಕಟ್ಟುವವರ ಮನೆಗೆ ಕರೆದೊಯ್ದರು. ಅಲ್ಲಿಯ ಅಜ್ಜ ಕೈ ಎಳೆದು ಕೂಡಿಸಿ, ತತ್ತಿಯ ಬಿಳಿಯಲ್ಲಿ ಏನೇನೋ ಕಲಸಿ ಹಚ್ಚಿ, ಬಿದಿರಿನ ಸೀಳು ಇಟ್ಟು ಕಟ್ಟಿದ. ಕೈ ಎಳೆದಾಗ ನಾನು ಕೂಗಿದ್ದು ರಸ್ತೆಯ ತನಕ ಕೇಳಿಸಿತೆಂದು ಸುದ್ದಿ ಕೇಳಿ ಬಂದು ಕುದುರೆ ಹಿಡಿದು ಹೊರಗೆ ನಿಂತಿದ್ದ ಅಣ್ಣ ಆಮೇಲೆ ಹೇಳಿದ.

ಮನೆಗೆ ಬಂದಾಗ ಅವ್ವ ನನ್ನನ್ನು ಮಲಗಿಸಿ, ಬಿಸಿ ಹಾಲು ಕುಡಿಸಿ, ಹೊರಗೆ ಬಂದಳು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ.

"ಕುದುರಿ ನಾಳಿ ಈ ಮನ್ಯಾಗ ಇರಬಾರದು," ಅಂದಳು.

ಅಪ್ಪ ಎದುರು ಹೇಳಲಿಲ್ಲ. ಹ್ಞೂಂ ಅಂದ. ಅವನು ಒಪ್ಪಿಕೊಂಡದ್ದು ಕೇಳಿ ನನಗೆ ಕೈಯ ನೋವಿಗಿಂತ ಹೆಚ್ಚಿನ ಸಂಕಟವಾಯಿತು. ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ, ಅದರದು ತಪ್ಪಿಲ್ಲ, ಅದು ಸ್ಟೇಷನ್ನಿಗೆ ಹೋಗಬೇಕೆಂದು ಹೋಯಿತು ಎಂದೆ.

ಮರುದಿನ ಚಾಚಾ ಬಂದ. ಒಳಗೆ ಬಾ ಎಂದರೂ ಬರದೆ ಅಂಗಳದಲ್ಲೇ ಕೂತ. ಗಾಡಿಯ ಸೀಟಿ ಕೇಳಿದರೆ ಬಾಡಿಗೆ ಸಿಗಲೆಂದು ಎಲ್ಲರಿಗಿಂತ ಮೊದಲು ಸ್ಟೇಷನ್ನಿಗೆ ಓಡಿಸುವುದನ್ನು ಅವನೇ ಕಲಿಸಿದ್ದನಂತೆ. ದಿನನಿತ್ಯದ ಕೆಲಸ, ಹಾಗಾಗಿ ಹೇಳಬೇಕೆಂದು ಹೊಳೆಯಲೇ ಇಲ್ಲ ಅಂದ. ಕುದುರೆಯನ್ನು ವಾಪಸು ಒಯ್ಯಲು ಹಗ್ಗ ತಂದಿದ್ದ. ಅವನ ಮನೆಯಲ್ಲಿ ಈಗ ಕಟ್ಟಲು ಜಾಗವಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದಳು.

"ಚಾಚಾ, ಅದು ಸೀಟಿ ಕೇಳಿ ಓಡೋದು ಕಲೀತಲ್ಲ, ಹೆಂಗ ಕಲಿಸಿದಿರಿ?"

"ಸ್ಟೇಷನ್ನ್ಯಾಗ ಮುಟ್ಟಿದ ಕೂಡ್ಲೆ ಬೆಲ್ಲ ಕೊಡ್ತಿದ್ದೆ ಅಕ್ಕಾರ."

"ಹಂಗಾದ್ರ ನಾ ಮನ್ಯಾಗ ಕೊಟ್ರ?"

ಚಾಚಾ ತಲೆ ಎತ್ತಿ ನೋಡಿದ. ಹಾಗೆ ಮಾಡಿ ನೋಡಿಲ್ಲ, ಆಗಬಹುದು, ಆಗದೆಯೂ ಇರಬಹುದು ಅಂದ. ಅವ್ವ ಅವನು ತಂದಿದ್ದ ಹಗ್ಗವನ್ನು ಎತ್ತಿ ಅವನ ಕೈಗೇ ಕೊಟ್ಟಳು. ನನ್ನ ಕೈ ಕೂಡುವ ತನಕ ಸಮಯ ಇದೆಯಲ್ಲ, ಅಷ್ಟರಲ್ಲಿ ನೋಡುತ್ತೇನೆ, ಆಗದಿದ್ದರೆ ಆಗ ಒಯ್ಯಿರಿ ಎಂದಳು.

ಅಂದಿನಿಂದ ಅವ್ವನ ಸಂಜೆಯ ಹೊತ್ತು ರೈಲಿನ ಹೊತ್ತಾಯಿತು. ಮೊದಲ ದಿನಗಳಲ್ಲಿ ಸೀಟಿ ಕೇಳಿದ್ದೇ ಕುದುರೆ ಕೊಟ್ಟಿಗೆಯ ಕಂಬ ಕಿತ್ತು ಬರುವಂತೆ ಜಗ್ಗುತ್ತಿತ್ತು. ಸಂಜೆಯ ಆ ಜಗ್ಗಾಟವನ್ನು ನಾವು ಅದುವರೆಗೆ ಹುರುಳಿಯ ಆಸೆ ಅಂದುಕೊಂಡಿದ್ದೆವು. ಅವ್ವ ಒಲೆಯ ಮೇಲಿದ್ದದ್ದನ್ನು ಅಲ್ಲೇ ಬಿಟ್ಟು, ಸೆರಗಿನಲ್ಲಿ ಬೆಲ್ಲ ಹಿಡಿದು ಹೋಗಿ ಅದರ ಮೂತಿಯ ಮುಂದೆ ನಿಲ್ಲುತ್ತಿದ್ದಳು. ಅದೆಷ್ಟು ಸಲ ಸಾರು ಉಕ್ಕಿತೋ, ರೊಟ್ಟಿ ಸೀದವೋ. ಆಮೇಲೆ ಹಗ್ಗ ಬಿಚ್ಚಿ ಹಿತ್ತಲಿನಲ್ಲಿ ಬಿಟ್ಟಳು, ಸೀಟಿ ಕೇಳಿದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಆಮೇಲೆ ಅಣ್ಣನಿಗೆ ಅದನ್ನು ರಸ್ತೆಯಲ್ಲಿ ಸ್ವಲ್ಪ ದೂರ ನಡೆಸಿಕೊಂಡು ಹೋಗಲು ಹೇಳಿದಳು. ಕುತ್ತಿಗೆಗೆ ಕೈ ಕಟ್ಟಿಕೊಂಡು ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಒಂದು ಸಂಜೆ ಸೀಟಿ ಕೇಳಿಸಿತು, ಅಣ್ಣನ ಕೈಯಿಂದ ಹಗ್ಗ ಬಿಡಿಸಿಕೊಂಡ ಕುದುರೆ ಸ್ಟೇಷನ್ನಿನ ಕಡೆ ಬೆನ್ನು ತಿರುಗಿಸಿ ನಮ್ಮ ಮನೆಯ ಕಡೆ ಓಡಿ ಬಂತು. ಬಂದು ಅಡುಗೆಮನೆಯ ಬಾಗಿಲಲ್ಲಿ ತಲೆ ಒಳಗೆ ಹಾಕಿ ನಿಂತಿತು. ಅವ್ವ ಅದರ ಹಣೆ ತಟ್ಟಿ ಬೆಲ್ಲ ಕೊಟ್ಟಳು. ಅವಳು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕಟ್ಟು ಬಿಚ್ಚಿದ ಮೇಲೆ ನನ್ನನ್ನು ಮತ್ತೆ ಹತ್ತಿಸಿದವಳೂ ಅವಳೇ. ಅಪ್ಪ ಧೈರ್ಯ ಸಾಲದೆ ದೂರ ನಿಂತಿದ್ದ. ಅವ್ವ ನನ್ನ ಪಾದಕ್ಕೆ ತನ್ನ ಎರಡೂ ಅಂಗೈ ಕೊಟ್ಟು ಎತ್ತಿದಳು. "ಓಡಿದ್ರ ಎಲ್ಲಿಗಿ ಓಡತೈತಿ, ನನ್ನ ಕಡೇನs ಬರತೈತಿ," ಅಂದಳು. ಅದು ನಿಜವೇ ಆಗಿತ್ತು. ಮುಂದೆ ಎರಡು ವರ್ಷ, ಸಂಜೆ ನಾನೆಲ್ಲಿದ್ದರೂ, ಗಾಡಿ ಸೀಟಿ ಹಾಕಿತೆಂದರೆ ನನ್ನ ಸವಾರಿ ಮುಗಿಯಿತು. ಗೆಳತಿಯರ ಮನೆಯ ಮುಂದೆ ಮಾತಾಡುತ್ತ ನಿಂತಿದ್ದರೂ ಅರ್ಧ ಮಾತಿಗೇ ಕುದುರೆ ಹೊತ್ತುಕೊಂಡು ಹೊರಟುಬಿಡುತ್ತಿತ್ತು. ಊರಿನಲ್ಲಿ ಬೇರೆ ಯಾವ ತಾಯಿಯ ಮಗಳೂ ಅಷ್ಟು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿರಲಿಲ್ಲ.

ಅಪ್ಪನ ರಜೆಯ ದಿನಗಳಲ್ಲಿ ನಾವಿಬ್ಬರೂ ಹಳಿಯಾಳದ ರಸ್ತೆಯಲ್ಲಿ ದೂರ ಹೋಗುತ್ತಿದ್ದೆವು. ಎರಡೂ ಕಡೆ ಸಾಗವಾನಿ ಮರ, ನಡುವೆ ಆಗೊಂದು ಈಗೊಂದು ಬಿದಿರಿನ ಲಾರಿ. ಒಂದು ಬೆಳಿಗ್ಗೆ ತಿರುವಿನಲ್ಲಿ ಕಾಡುಕೋಣ ರಸ್ತೆಗೆ ಅಡ್ಡ ನಿಂತಿತ್ತು. ಬಿಳಿ ಕಾಲುಚೀಲ ಹಾಕಿದಂತಿದ್ದ ದೊಡ್ಡ ಪ್ರಾಣಿ. ಅಪ್ಪ ಸೈಕಲ್ಲಿನಿಂದ ಇಳಿದು ನಿಧಾನಕ್ಕೆ ಕುದುರೆಯ ಮಗ್ಗುಲಿಗೆ ಬಂದು ನಿಂತ. ಕುದುರೆ ಬೆದರಲಿಲ್ಲ. ಎಷ್ಟೋ ವರ್ಷ ಲಾರಿ, ಬಸ್ಸು, ಎತ್ತಿನ ಗಾಡಿ ನೋಡಿದ್ದ ಅದಕ್ಕೆ ಇದೂ ಒಂದು ದಾರಿ ಬಿಡಬೇಕಾದ ಗಾಡಿ ಅನ್ನಿಸಿರಬೇಕು. ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು. ಕೋಣ ನಮ್ಮನ್ನು ನೋಡಿತು, ಮೂಗಿನಿಂದ ಉಸಿರು ಬಿಟ್ಟಿತು, ಬಿದಿರು ಮೆಳೆಯೊಳಗೆ ಇಳಿದು ಹೋಯಿತು. ನನ್ನ ಕಾಲಿನ ಕೆಳಗೆ ಕುದುರೆಯ ಹೊಟ್ಟೆ ಉಸಿರಾಡುವುದು ತಿಳಿಯುತ್ತಿತ್ತು. ಅಪ್ಪ ಅದರ ಕುತ್ತಿಗೆಯ ಮೇಲೆ ಇಟ್ಟ ಕೈ ತೆಗೆಯಲೇ ಇಲ್ಲ.

ಅವತ್ತೇ ವಾಪಸು ಬರುವಾಗ ನಾನು ಇಳಿದು, ನೀವು ಕೂರಿ ಎಂದೆ. ಅಪ್ಪ ನಕ್ಕು ತಲೆಯಾಡಿಸಿದ. ನನ್ನ ವಯಸ್ಸೇನು, ಜನ ನೋಡಿದರೆ ಏನೆಂದಾರು ಎಂದ. ಸುತ್ತ ಮರಗಳ ಹೊರತು ಯಾರೂ ಇರಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಧೋತರದ ತುದಿಯನ್ನು ಮೇಲಕ್ಕೆ ಸಿಕ್ಕಿಸಿ, ಒಂದು ಮೈಲಿಗಲ್ಲಿನ ಮೇಲೆ ಕಾಲಿಟ್ಟು ಹತ್ತಿದ. ಹತ್ತಿದವನು ಬಹಳ ಹೊತ್ತು ಅಲ್ಲಾಡದೆ ಕೂತ. ನಾನು ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದರಲ್ಲಿ ಲಗಾಮು ಹಿಡಿದು ನಡೆಸಿದೆ. ಸ್ವಲ್ಪ ದೂರ ಹೋದ ಮೇಲೆ, "ಲಗಾಮ ನನ್ನ ಕಡೆ ಕೊಡು," ಅಂದ. ಕೊಟ್ಟೆ. ಅವನು ಒಬ್ಬನೇ ಮುಂದಿನ ತಿರುವಿನ ತನಕ ಹೋದ, ನಾನು ಸೈಕಲ್ಲು ತಳ್ಳುತ್ತ ಹಿಂದೆ ನಡೆದೆ. ಬೆನ್ನು ಮಾತ್ರ ಕಾಣುತ್ತಿತ್ತು. ಅಲ್ಲಿ ಇಳಿದು ನನ್ನ ಕೈಯಿಂದ ಸೈಕಲ್ಲು ತೆಗೆದುಕೊಂಡ. ಮನೆ ಹತ್ತಿರ ಬಂದಾಗ, ತೊಡೆ ನೋಯುತ್ತಿದೆ, ನಿನಗೂ ಹೀಗೇ ನೋಯುತ್ತದೆಯೇ ಎಂದು ಕೇಳಿದ. ಮೊದಮೊದಲು ನೋಯುತ್ತದೆ, ಆಮೇಲೆ ರೂಢಿಯಾಗುತ್ತದೆ ಎಂದೆ. ಅದಾದ ಮೇಲೆ ಅಪ್ಪ ಆಗಾಗ, ಯಾರೂ ಇಲ್ಲದ ಕಡೆ, ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಕೂರುತ್ತಿದ್ದ. ಅದನ್ನು ನಾವು ಮನೆಯಲ್ಲಿ ಹೇಳಲಿಲ್ಲ. ಅವ್ವನಿಗೆ ಧೋತರದ ಮೇಲಿನ ಕೂದಲು ನೋಡಿಯೇ ತಿಳಿದಿತ್ತೆಂದು ಕಾಣುತ್ತದೆ.

ನನಗೆ ಹದಿಮೂರು ತುಂಬುವ ಹೊತ್ತಿಗೆ ಮುಂದಿನ ಓದಿಗೆ ಧಾರವಾಡದ ಹಾಸ್ಟೆಲ್ಲಿಗೆ ಕಳಿಸುವುದೆಂದು ಗೊತ್ತಾಯಿತು. ಅಣ್ಣ ಆಗಲೇ ಹುಬ್ಬಳ್ಳಿಯಲ್ಲಿದ್ದ. ನಮಗೆ ಕ್ವಾರ್ಟರ್ಸೂ ಮಂಜೂರಾಯಿತು, ಎಷ್ಟೋ ವರ್ಷ ಕಾದದ್ದು. ಕುದುರೆಗೂ ವಯಸ್ಸಾಗಿತ್ತು. ಚಾಚಾನನ್ನು ಕರೆಸಿ ಕೂರಿಸಿಕೊಂಡು ಮಾತಾಡಿದರು. ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ಅವ್ವನ ತಮ್ಮ, ನಮ್ಮ ಸೋದರಮಾವ, ಹೊಲಮನೆ ಮಾಡಿಕೊಂಡಿದ್ದ. ಅಲ್ಲಿ ಹುಲ್ಲಿಗೆ ಬರವಿರಲಿಲ್ಲ, ಮನೆತುಂಬ ಮಕ್ಕಳು. ಗಾಡಿಗೆ ಹೂಡುವುದಿಲ್ಲವೆಂದು ಮಾವನಿಂದ ಮಾತು ತೆಗೆದುಕೊಂಡ ಮೇಲೆ ಚಾಚಾ ಒಪ್ಪಿದ. ಹೊರಡುವ ದಿನ ಅವನು ಬರಲಿಲ್ಲ. ಡಿಪೋದಲ್ಲಿ ಕೆಲಸ ಇದೆ ಎಂದು ಹೇಳಿ ಕಳಿಸಿದ. ಅವ್ವ ಬೆಲ್ಲದ ಗಂಟನ್ನು ಕುದುರೆಯ ಕೊರಳಿಗೇ ಕಟ್ಟಿ, ಅದರ ಮುಖಕ್ಕೆ ಮುಖ ಹಚ್ಚಿ ನಿಂತು, ಆಮೇಲೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಕುದುರೆಯನ್ನು ಲಾರಿಗೆ ಹತ್ತಿಸುವುದು ಬೇಡ ಎಂದು ನಾವೇ ನಡೆಸಿಕೊಂಡು ಹೋದೆವು. ಅಪ್ಪ ಸೈಕಲ್ಲಿನ ಮೇಲೆ, ನಾನು ಕುದುರೆಯ ಮೇಲೆ, ಹಳಿಯಾಳ ದಾಟಿ, ಕಲಘಟಗಿಯ ದಾರಿ ಹಿಡಿದು. ಕತ್ತಲಾಗುವ ಮೊದಲೇ ಪರಿಚಯದವರ ಮನೆ ಸೇರುತ್ತಿದ್ದೆವು, ಬೆಳಗಾದರೆ ಹೊರಡುತ್ತಿದ್ದೆವು. ಕಾಡು ಹಿಂದೆ ಬಿದ್ದು ಬಯಲು ಶುರುವಾದಾಗ ಕುದುರೆಗೆ ಏನು ಅನ್ನಿಸಿತೋ, ಹೇಳದೇ ಕೇಳದೇ ಓಡತೊಡಗಿತು. ಯಾವ ಸೀಟಿಯೂ ಇರಲಿಲ್ಲ. ಈ ಸಲ ನನಗೆ ಹೆದರಿಕೆಯಾಗಲಿಲ್ಲ. ತೊಡೆ ಬಿಗಿದು, ಲಗಾಮು ಸಡಿಲ ಬಿಟ್ಟು ಕೂತೆ. ಅಪ್ಪ ಬಹಳ ಹಿಂದೆ ಉಳಿದ. ಒಂದು ಮಾವಿನ ಮರದ ಕೆಳಗೆ ಅದು ತಾನಾಗಿಯೇ ನಿಂತಿತು. ಅಪ್ಪ ಬಂದು ಸೇರುವ ತನಕ ನಾವಿಬ್ಬರೂ ನೆರಳಲ್ಲಿ ಕಾದೆವು.

ಇಂದೂರಿನಲ್ಲಿ ಮಾವನ ಮಕ್ಕಳು ಊರ ಹೊರಗೇ ಬಂದು ಕಾಯುತ್ತಿದ್ದರು. ಅತ್ತೆ ಕುದುರೆಯ ಕಾಲಿಗೆ ನೀರು ಹಾಕಿ ಕುಂಕುಮ ಹಚ್ಚಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಈ ಮಕ್ಕಳು ಬಿದ್ದು ಗಿದ್ದು ಮಾಡಿಕೊಂಡರೆ ಏನು ಗತಿ ಎಂದು ಕೇಳಿದಳು. ಬೀಳುತ್ತಾರೆ ಅತ್ತೆ, ಮೊದಲು ಹುಲ್ಲಿನ ಬಣವೆಯ ಪಕ್ಕದಲ್ಲೇ ಕಲಿಸಿರಿ ಎಂದೆ. ಮರುದಿನ ಬೆಳಿಗ್ಗೆ ಅವಳ ಎದುರಿಗೇ ಒಬ್ಬೊಬ್ಬರನ್ನು ಹತ್ತಿಸಿದೆ. ಎಲ್ಲರಿಗಿಂತ ಚಿಕ್ಕವಳು, ಏಳು ವರ್ಷದವಳು, ಇಳಿಯಲು ಒಲ್ಲೆನೆಂದು ಕುತ್ತಿಗೆ ತಬ್ಬಿ ಕೂತುಬಿಟ್ಟಳು. ಅವಳ ಅಣ್ಣಂದಿರು ತಮ್ಮ ಸರದಿಗೆ ಕಿತ್ತಾಡುತ್ತಿದ್ದರು.

ನಾವು ಹೊರಡುವಾಗ ಕುದುರೆ ಅತ್ತಿವೇರಿ ಕಡೆಯ ದಾರಿಯ ಪಕ್ಕದಲ್ಲಿ, ಮಾವನ ಆಕಳುಗಳ ನಡುವೆ ಮೇಯುತ್ತಿತ್ತು. ನಾನು ಹೋಗಿ ಅದರ ಹಣೆ ಸವರಿದೆ. ತಲೆ ಎತ್ತುತ್ತದೆ, ಕೆನೆಯುತ್ತದೆ ಅಂದುಕೊಂಡಿದ್ದೆ. ಅದು ನನ್ನ ಕೈಯನ್ನು ಮೂತಿಯಿಂದ ಸರಿಸಿ, ಅಲ್ಲೇ ನನ್ನ ಕಾಲ ಬುಡದಲ್ಲಿದ್ದ ಹಸಿ ಹುಲ್ಲಿಗೆ ಬಾಯಿ ಹಾಕಿತು. ಅಲ್ಲಿಂದ ಇನ್ನೊಂದು ಹೆಜ್ಜೆ, ಇನ್ನೊಂದು ಹಿಡಿ ಹುಲ್ಲು. ಹೀಗೇ ಮೇಯುತ್ತ ಮೇಯುತ್ತ ಆಕಳುಗಳ ಹಿಂದೆ ಹೋಯಿತು. ಕಣ್ಣು ತುಂಬಿದ್ದು ಅಪ್ಪನಿಗೆ ಕಾಣದಿರಲೆಂದು ನಾನು ಬಗ್ಗಿ ಚಪ್ಪಲಿಯ ಮಣ್ಣು ಕೊಡವಿದೆ. ಅಷ್ಟರಲ್ಲಿ ಮುಂಡಗೋಡದ ಕಡೆಯಿಂದ ಹುಬ್ಬಳ್ಳಿಯ ಬಸ್ಸು ಬಂತು. ಕಂಡಕ್ಟರನು ಸೈಕಲ್ಲನ್ನು ಮೇಲೆ ಹಾಕಿಸಲು ಸ್ವಲ್ಪ ರಾಗ ತೆಗೆದ, ಅಪ್ಪನ ಬದಲು ನಾನೇ ಮಾತಾಡಿ ಒಪ್ಪಿಸಿದೆ. ಒಳಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಪ್ಪ ಕೂತ ಸ್ವಲ್ಪ ಹೊತ್ತಿಗೇ ನಿದ್ದೆ ಹೋದ.